ಹರಿಯಲೆಂದೇ ಹಾಕಿದ ಹೊಲಿಗೆ

ಗೆಜ್ಜೆಯ ಸದ್ದು ನಿಂತಿತು. ಹಂಚಿನ ಮೇಲಿನ ರೊಟ್ಟಿ ಹಾಗೇ ಬಿಟ್ಟು ನಾನು ಹಿತ್ತಲ ಬಾಗಿಲಿಗೆ ಓಡಿದ್ದು ಅದಕ್ಕೇ, ಕಿರುಚಾಟ ಕೇಳಿ ಅಲ್ಲ. ಕಿರುಚಾಟ ಆಮೇಲೆ ಶುರುವಾಯಿತು.

ಗೆಜ್ಜೆ ಇದ್ದದ್ದು ಡಾಲಿಯ ಕೊರಳಲ್ಲಿ. ಡಾಲಿ ನಮ್ಮ ನಾಯಿಯಲ್ಲ, ಬ್ಯಾಡಗಿಯಲ್ಲಿರುವ ನನ್ನ ನಾದಿನಿಯ ನಾಯಿ. ಬಿಸ್ಕೀಟಿನ ಬಣ್ಣದ, ದುಂಡು ಮೂತಿಯ ಲ್ಯಾಬ್ರಡಾರ್. ಅವರದು ಮೆಣಸಿನಕಾಯಿ ವ್ಯಾಪಾರದ ಮನೆ. ಹಂಗಾಮು ಬಂತೆಂದರೆ ಅಂಗಳ, ಪಡಸಾಲೆ ಎಲ್ಲ ಕಡೆ ಚೀಲಗಳೇ. ಮನುಷ್ಯರೇ ಸೆರಗನ್ನು ಮೂಗಿಗೆ ಒತ್ತಿಕೊಂಡು ಓಡಾಡುವಾಗ ನಾಯಿಯ ಮೂಗಿನ ಪಾಡು ಏನು ಹೇಳುವುದು? ಸೀನಿ ಸೀನಿ ಕಣ್ಣು ಕೆಂಪಗಾದ ಡಾಲಿಯನ್ನು ಘಾಟು ಇಳಿಯುವವರೆಗೆ ಇರಲಿ ಎಂದು ರಾಣೇಬೆನ್ನೂರಿನ ನಮ್ಮ ಮನೆಗೆ ತಂದುಬಿಟ್ಟಿದ್ದಳು.

ಬಿಟ್ಟುಹೋಗುವಾಗ ಕಾರಿನ ಕಿಟಕಿಯಿಂದ ಕತ್ತು ಹೊರಗೆ ಹಾಕಿ, "ವೈನಿ, ಮೊಸರನ್ನ ಅಂದ್ರ ಜೀವಾ ಬಿಡ್ತೈತಿ, ಆದ್ರ ಭಾಳ ಹಾಕಬ್ಯಾಡ್ರಿ. ಮತ್ತ ಉಂಡಮ್ಯಾಲೆ ಬೆಲ್ಟ್ ಒಂದು ತೂತ ಸಡ್ಲ ಮಾಡ್ರಿ. ಮರೀಬ್ಯಾಡ್ರಿ ಮತ್ತ" ಎಂದಿದ್ದಳು.

"ಯಾಕ? ಬಿಗಿ ಆಗ್ತೈತೇನು?"

"ನಮ್ಮ ಮಾವ ಹೋರಿಗೂ ಹಂಗ ಮಾಡ್ತಾರ್ರಿ. ಉಂಡ ಜೀವದ ಕೊಳ್ಳ ಬಿಗೀಬಾರದಂತ."

ಅವರ ಮನೆಯ ಹೋರಿ ಸಾಮಾನ್ಯದ್ದಲ್ಲ, ಹೋರಿ ಬೆದರಿಸುವ ಸ್ಪರ್ಧೆಯಲ್ಲಿ ಕೊಬ್ಬರಿ ಸರ ಕಟ್ಟಿಕೊಂಡು ಓಡುವ ಹೋರಿ. ಅದರ ಕೊರಳಿಗೆಂದು ಹದಮಾಡಿಸಿದ ತೊಗಲಿನಲ್ಲಿ ಉಳಿದ ತುಂಡಿಗೆ ಸಣ್ಣ ಹಿತ್ತಾಳೆ ಗೆಜ್ಜೆ ಪೋಣಿಸಿ ಡಾಲಿಗೆ ಕೊರಳಪಟ್ಟಿ ಮಾಡಿಸಿದ್ದರು. ದಪ್ಪ ತೊಗಲು, ಒಳಗೆ ನುಣುಪು, ಎಣ್ಣೆಯ ವಾಸನೆ. ಉಂಡ ಮೇಲೆ ಒಂದು ತೂತು ಸಡಿಲಿಸಿದರೆ ನನ್ನ ಅಂಗೈ ಪೂರ್ತಿ ಒಳಗೆ ಹೋಗುತ್ತಿತ್ತು. ಎಷ್ಟು ಆರಾಮಾಗಿದೆ ಅವಳಿಗೆ ಎಂದು ನನಗೂ ಸಮಾಧಾನವಾಗುತ್ತಿತ್ತು.

ನಮ್ಮ ನಾಯಿ ಕೆಂಚ. ಜಾತಿ ಗೀತಿ ಏನೂ ಇಲ್ಲ. ಮರಿಯಿದ್ದಾಗ ನಮ್ಮ ಮನೆಯವರ ಪೈಪಿನ ಅಂಗಡಿಯಲ್ಲಿ ಒಂದು ಪೈಪಿನೊಳಗೆ ಸಿಕ್ಕಿದವನು. ಬೆಲ್ಟು ಹಾಕಿದರೆ ಕೆರೆದುಕೊಳ್ಳುತ್ತಾನೆಂದು ಅವನಿಗೆ ಹೊರಗೆ ಹೋಗುವಾಗ ಮಾತ್ರ ಬೆಲ್ಟು. ಮನೆಯಲ್ಲಿದ್ದಾಗ ಕೊರಳಲ್ಲಿ ನಮ್ಮತ್ತೆ ಕದರಮಂಡಲಗಿ ಹಣಮಪ್ಪನ ಗುಡಿಯಿಂದ ತಂದು ಕಟ್ಟಿದ ದಾರ ಒಂದೇ. ಡಾಲಿ ಬಂದಾಗಿನಿಂದ ಇಬ್ಬರೂ ಒಂದೇ ತಟ್ಟೆ, ಒಂದೇ ಚಾಪೆ.

ಆ ಇಬ್ಬರು ಈಗ ಕರಿಬೇವಿನ ಗಿಡದ ಬುಡದಲ್ಲಿ ಅಂಟಿಕೊಂಡು ಬಿದ್ದಿದ್ದರು. ಕೆಂಚನ ಬಾಯಿ ಡಾಲಿಯ ಕೊರಳಲ್ಲಿತ್ತು. ಅವಳು ಮಗ್ಗುಲಾಗಿ ಬಿದ್ದು ಕಾಲು ಬಡಿಯುತ್ತಿದ್ದಳು. ಅವನು ಹಿಂದಕ್ಕೆ ಸರಿಯುತ್ತ ತಲೆ ಒದರುತ್ತಿದ್ದ. ಅವನು ಒದರಿದಷ್ಟೂ ಅವಳ ಕಾಲು ಜೋರಾಗಿ ಬಡಿಯುತ್ತಿತ್ತು. ಕಿವಿ ಹರಿಯುವಂಥ ಆ ಕೂಗು ಯಾರದೆಂದು ಮೊದಲು ತಿಳಿಯಲಿಲ್ಲ. ಆಮೇಲೆ ನೋಡಿದರೆ ಕೂಗುತ್ತಿದ್ದವನು ಕೆಂಚ. ಕಚ್ಚಿ ಹಿಡಿದ ನಾಯಿ ಹಾಗೆ ಕೂಗಲು ಹೇಗೆ ಸಾಧ್ಯ ಎಂದು ಆ ಹೊತ್ತಿಗೆ ಹೊಳೆಯಲಿಲ್ಲ. ಕೂಗು ಮಾತ್ರ ಕಿವಿಯಲ್ಲಿ ಉಳಿಯಿತು.

"ಕೊಲ್ಲಾಕತ್ತೈತಿ ಯವ್ವಾ! ಯಾರರ ಬಿಡಸ್ರೋ!" ಎಂದು ಅತ್ತೆ ಕಟ್ಟೆಯ ಮೇಲಿಂದ ಕೂಗಿದರು.

ಗಡ್ಡ ಬೋಳಿಸಿಕೊಳ್ಳುತ್ತಿದ್ದ ಮನೆಯವರು ಅರ್ಧ ಗಲ್ಲದ ನೊರೆಯೊಂದಿಗೇ ಓಡಿಬಂದು ಕೆಂಚನ ಹಿಂಗಾಲು ಹಿಡಿದು ಜಗ್ಗಿದರು. ನಾನು ಡಾಲಿಯ ಪಟ್ಟಿಯ ಬಕಲ್ ಹುಡುಕಿದೆ. ಅದು ಯಾವ ಕಡೆ ಇತ್ತೋ! ಪಟ್ಟಿ ಹಗ್ಗದ ಹಾಗೆ ಹುರಿಗೊಂಡು ಕೂದಲೊಳಗೆ ಹೂತುಹೋಗಿತ್ತು. ಅವಳ ನಾಲಿಗೆ ನೇರಳೆ ಹಣ್ಣು ತಿಂದವರ ನಾಲಿಗೆಯಂತಾಗಿತ್ತು.

"ಜಗ್ಗರಿ, ಬಿಡಬ್ಯಾಡ್ರಿ, ಜಗ್ಗರಿ! ನಾ ನೀರ ಹೊಡೀತೇನಿ!" ಮಗ್ಗುಲ ಮನೆಯ ನಿವೃತ್ತ ಮಾಸ್ತರರು ಕಾಂಪೌಂಡಿನ ಆಚೆಯಿಂದ ಬಕೀಟು ಎತ್ತಿ ಸುರಿದರು. ಮುಕ್ಕಾಲು ನೀರು ನಮ್ಮ ಮನೆಯವರ ಮೇಲೆ ಬಿತ್ತು. ಅವರ ಕೈ ಜಾರಿತು. ಬೆದರಿದ ನಾಯಿಗಳು ಒಂದರ ಮೇಲೊಂದು ಉರುಳಿದವು. ಆ ಉರುಳಿಗೆ ಏನೋ ಸಡಿಲವಾಗಿ ಬೇರೆಯಾದವು. ಡಾಲಿ ಎದ್ದು ಕೆಮ್ಮಿದಳು. ಗೆಜ್ಜೆ ಸದ್ದು ಮಾಡಿತು. ಕೆಂಚ ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಹೊಕ್ಕು ಕೂತ. ಅವನ ಬಾಯಲ್ಲಿ ರಕ್ತ, ಅವಳ ಕೊರಳ ಕೂದಲಲ್ಲಿ ರಕ್ತ.

"ನೀವು ನಾಯಿಗೆ ಹೊಡದ್ರೋ, ನನಗ ಹೊಡದ್ರೋ ಮಾಸ್ತರ?" ನೊರೆ ಕಣ್ಣಿಗಿಳಿದ ಮನೆಯವರು ಕೇಳಿದರು.

"ಇಬ್ರಿಗೂ ಬೇಕಾಗಿತ್ತ ಬಿಡ್ರಿ," ಎಂದರು ಮಾಸ್ತರರು. ಆಮೇಲೆ ದನಿ ತಗ್ಗಿಸಿ, "ಹುಷಾರ ಇರ್ರಿ. ಎಷ್ಟಾದ್ರೂ ಬೀದ್ಯಾಗಿಂದು ಅದು" ಎಂದು ಕೆಂಚನ ಕಡೆ ಗದ್ದ ಚಾಚಿದರು.

ಅತ್ತೆ ಕೆಸರಿನಲ್ಲಿ ಬಗ್ಗಿ ಏನನ್ನೋ ಎತ್ತಿಕೊಂಡರು. ಕೆಂಚನ ಕೊರಳಿನ ದಾರ, ಹರಿದದ್ದು. "ಹಣಮಪ್ಪನ ದಾರ ಹರೀತಲ್ಲವಾ. ಇದು ಸರಿ ಅಲ್ಲ," ಎಂದು ಅದನ್ನು ತೊಳೆದು ದೇವರ ಗೂಡಿನಲ್ಲಿಟ್ಟರು.

ಮನೆಯವರು ಉಣ್ಣುವಾಗ ಮಾತು ತೆಗೆದರು. ತಟ್ಟೆಯನ್ನೇ ನೋಡುತ್ತ, "ಕೆಂಚ್ಯಾನ್ನ ಮೇಡ್ಲೇರಿಗೆ ಕಳಿಸಿಬಿಡೂಣು. ಅಲ್ಲಿ ನಮ್ಮ ಹೊಲದಾಗ ಪಂಪಿನ ಮನಿಗೆ ಕಟ್ಟಿರತಾರ" ಎಂದರು.

"ಕಟ್ಟೂದು? ಅದಕ್ಕ ಸರಪಳಿ ಅಂದ್ರ ಏನಂತ ಗೊತ್ತಿಲ್ಲರೀ."

"ಮತ್ತೇನ ಮಾಡೂದು? ಇವತ್ತ ನಾಯಿ ಕುತ್ತಿಗಿ ಹಿಡೀತು. ನಾಳೆ ಮನಿಗೆ ಬಂದ ಕೂಸಿಗೆ ಬಾಯಿ ಹಾಕಿದ್ರ ಯಾರ ಮುಖ ನೋಡೂದು? ಡಾಲಿನ ಕರಕೊಂಡ ಹೋಗಾಕ ತಂಗಿ ಬರ್ತಾಳಲ್ಲ, ಅವತ್ತ ಹೊಲದಾಂವಗೂ ಬಾ ಅಂತ ಹೇಳತೇನಿ. ಈಗ ಅಕಿಗೇನೂ ಹೇಳಬ್ಯಾಡ, ಹಂಗಾಮದಾಗ ಗಾಬ್ರಿ ಆಗ್ತಾಳ."

ನಾನೂ ಕಣ್ಣಾರೆ ನೋಡಿದ್ದೆನಲ್ಲ. ಆದರೆ ನೋಡಿದ್ದೇನು?

ಮಧ್ಯಾಹ್ನ ಆಟೋದಲ್ಲಿ ಡಾಲಿಯನ್ನು ದನದ ದವಾಖಾನೆಗೆ ಒಯ್ದೆ. ಮನೆಯವರು ಅಂಗಡಿಯಿಂದ ಬಂದು ಕೆಂಚನ ಬಾಯಿಗೆ ಬಟ್ಟೆ ಕಟ್ಟಿ ಹಿಂದಿನಿಂದ ಕರೆತಂದರು. ಡಾಕ್ಟರು ಡಾಲಿಯ ಕೊರಳಿನ ಕೂದಲನ್ನು ಹತ್ತಿಯಿಂದ ಒರೆಸಿ, ಬೇರ್ಪಡಿಸಿ, ಮತ್ತೆ ಒರೆಸಿದರು. ಚರ್ಮದ ಮೇಲೆ ಪಟ್ಟಿ ಒತ್ತಿದ ಕೆಂಪು ಬರೆ ಇತ್ತು. ಹಲ್ಲಿನ ತೂತು ಒಂದೂ ಇರಲಿಲ್ಲ.

"ರಕ್ತ ಎಲ್ಲಿಂದ ಬಂತ್ರಿ ಹಂಗಾದ್ರ?" ಎಂದೆ.

ಅವರು ಕೆಂಚನ ತುಟಿ ಎತ್ತಿ ತೋರಿಸಿದರು. ಕೆಳಗಿನ ಒಂದು ಕೋರೆಹಲ್ಲು ತುದಿ ಮುರಿದಿತ್ತು. ಅದರ ಬುಡದ ಒಸಡು ಸೀಳಿತ್ತು. "ಇದರ ರಕ್ತ ಅದು. ಜಗಳ ಆಡಿದ್ವು ಅಂದ್ರ ಕಿವಿ ಹರೀತಿತ್ತು, ಮುಖದ ಮ್ಯಾಲೆ ಗಾಯ ಇರತಿತ್ತು."

"ಅಂದ್ರ ಜಗಳ ಅಲ್ಲ?"

"ನಾ ನೋಡಿಲ್ಲಲ್ಲಮ್ಮ. ಸದ್ಯ ದೂರದೂರ ಇಡ್ರಿ." ಕೈ ತೊಳೆಯುತ್ತ, "ಪಟ್ಟಾ ಭಾಳ ಸಡ್ಲ ಐತಿ ಮತ್ತ. ಎರಡು ಬೆರಳು ಹೋಗುವಷ್ಟು ಇರಬೇಕು" ಎಂದರು. ನಾನು ಅದನ್ನು ಪಟ್ಟಿ ಕಳಚಿ ಹೋದೀತು ಎಂಬ ಎಚ್ಚರಿಕೆ ಎಂದುಕೊಂಡೆ.

ಕೆಂಚ ಹಿತ್ತಲಲ್ಲಿ, ಡಾಲಿ ಒಳಗೆ. ನಡುವಿನ ಬಾಗಿಲಿಗೆ ಚಿಲಕ. ಬಾಗಿಲಡಿಯ ಸಂದಿಯಲ್ಲಿ ಆ ಕಡೆಯಿಂದ ಒಂದು ಕಪ್ಪು ಮೂಗು, ಈ ಕಡೆಯಿಂದ ಒಂದು ಕಂದು ಮೂಗು. ಕೊಲ್ಲಲು ಬಂದವನ ಮೂಗಿಗೆ ಯಾರಾದರೂ ಮೂಗು ಹಚ್ಚುತ್ತಾರೆಯೇ? ಹಚ್ಚಿಯಾರು, ನಾಯಿಗಳ ವಿಷಯ ನನಗೇನು ಗೊತ್ತು? ಒಮ್ಮೆ ಅನ್ನಿಸುತ್ತಿತ್ತು, ಕೆಂಚನ ಮೇಲಿನ ಪ್ರೀತಿ ನನ್ನಿಂದ ಇಲ್ಲದ ಕಥೆ ಕಟ್ಟಿಸುತ್ತಿದೆ ಎಂದು. ಇನ್ನೊಮ್ಮೆ ಆ ಕೂಗು ನೆನಪಾಗುತ್ತಿತ್ತು.

ಡಾಲಿಗೆ ಸ್ನಾನ ಮಾಡಿಸಲು ಪಟ್ಟಿ ಬಿಚ್ಚಿದಾಗ ಅದನ್ನು ಬಿಸಿಲಿಗೆ ಹಿಡಿದು ನೋಡಿದೆ. ಹೊರಗಿನ ಮೈ ನೀಟಾಗಿತ್ತು. ಹಲ್ಲಿನ ಗೀರು ಇದ್ದದ್ದು ಒಳಮೈಯಲ್ಲಿ, ಕೊರಳಿಗೆ ಹತ್ತುವ ನುಣುಪಿನ ಕಡೆ. ಪಟ್ಟಿಯನ್ನು ತಿರುತಿರುಗಿಸಿ ನೋಡಿದೆ. ಕೊರಳು ಕಚ್ಚಲು ಬಂದವನ ಹಲ್ಲು ಪಟ್ಟಿಯ ಹೊರಗೆ ತಾಗಬೇಕು. ಒಳಗೆ ಹೋಗಿ ಹೊರಮುಖವಾಗಿ ಗೀರುವುದು ಹೇಗೆ?

ಪಡಸಾಲೆಯಲ್ಲಿ ಒರಗಿಕೊಳ್ಳುವ ಲೋಡುದಿಂಬಿಗೆ ಆ ಪಟ್ಟಿ ಹಾಕಿದೆ, ಅದೇ ಸಡಿಲ ತೂತಿಗೆ. ನನ್ನ ಎಡಗೈಯನ್ನು ಕೆಂಚನ ಕೆಳದವಡೆ ಎಂದುಕೊಂಡು ಪಟ್ಟಿ ಮತ್ತು ಲೋಡಿನ ನಡುವೆ ತೂರಿಸಿದೆ. ಸರಾಗವಾಗಿ ಹೋಯಿತು. ಆಟದಲ್ಲಿ ಡಾಲಿ ಹೊರಳುತ್ತಾಳಲ್ಲ, ಹಾಗೆ ಬಲಗೈಯಿಂದ ಲೋಡನ್ನು ಒಂದು ಸುತ್ತು ಹೊರಳಿಸಿದೆ. ಪಟ್ಟಿ ಹುರಿಗೊಂಡು ಮಣಿಕಟ್ಟನ್ನು ಹಿಡಿಯಿತು. ಹಿಡಿದದ್ದು ಬಿಡಲೇ ಇಲ್ಲ.

ಅಷ್ಟರಲ್ಲಿ ಅತ್ತೆ ಬಂದರು. ನೆಲದ ಮೇಲೆ ಲೋಡು ತಬ್ಬಿಕೊಂಡು ಕೂತ ಸೊಸೆಯನ್ನು ನೋಡಿ ಬಾಗಿಲಲ್ಲೇ ನಿಂತರು.

"ಏನ್ ನಡಿಸೀದಿ ಯವ್ವಾ? ಲೋಡಿಗೆ ಗೆಜ್ಜಿ ಕಟ್ಟಿ ಕುಣಸಾಕತ್ತೀಯೇನು?"

"ಅತ್ತೀ, ಬರ್ರಿ ಇಲ್ಲಿ. ನನ್ನ ಕೈ ಬಿಡಸ್ರಿ."

ಅವರು ನನ್ನ ಮೊಣಕೈ ಹಿಡಿದು ಜಗ್ಗಿದರು. ಕಣ್ಣಲ್ಲಿ ನೀರು ಬಂತು. ಪಟ್ಟಿ ಇನ್ನೂ ಬಿಗಿಯಿತು, ಲೋಡಿನ ನಡು ಸೊರಗಿ ಇಷ್ಟಾಯಿತು. ನಾನು ಕೂಗಿಕೊಂಡೆ. ಕೆಂಚ ಕೂಗಿದ್ದೂ ಹೀಗೇ. ನಾನು ಲೋಡನ್ನು ಕಚ್ಚಿರಲಿಲ್ಲವಲ್ಲ.

"ಜಗ್ಗಬ್ಯಾಡ್ರಿ ಅತ್ತೀ. ಲೋಡನ್ನ ನನ್ನ ಕಡೆ ಒತ್ತರಿ. ಹಾಂ, ಈಗ ಹೊರಳಸ್ರಿ, ಹೊಳ್ಳಿ ಆ ಕಡೆ."

ಅವರು ಒತ್ತಿ ಹೊರಳಿಸಿದರು. ಕೈ ಬಂತು. ಅತ್ತೆ ನನ್ನ ಮಣಿಕಟ್ಟಿನ ಕೆಂಪು ಬರೆಯನ್ನು ಬೆರಳಿನಿಂದ ಸವರಿದರು. ಡಾಲಿಯ ಕೊರಳ ಬರೆಯೂ ಹೀಗೇ ಇತ್ತು. ಅವರಿಗೂ ಹೊಳೆಯಿತು. "ಹಂಗಾದ್ರ ನಾವೆಲ್ಲಾರೂ ಕೂಡಿ ಜಗ್ಗಿ ಜಗ್ಗಿ... ಮಾಸ್ತರ ಬ್ಯಾರೆ ಜಗ್ಗರಿ ಜಗ್ಗರಿ ಅನ್ನಾಕತ್ತಿದ್ದ!"

ಪಟ್ಟಿಯನ್ನು ಕೈಗೆತ್ತಿಕೊಂಡು, "ಆದ್ರ ಬಾಯಿ ಯಾಕ ಹಾಕಿತ್ತದು?" ಎಂದರು.

ಅದು ನನಗೂ ತಿಳಿಯದ ಮಾತು. ದವಡೆ ಸಿಕ್ಕಿಕೊಂಡಿತ್ತು ಸರಿ. ಸಿಕ್ಕಿಕೊಳ್ಳುವ ಮೊದಲು ಆ ದವಡೆ ಕೊರಳಿಗೆ ಹೋಗಿದ್ದು ಏತಕ್ಕೆ? ತಿಳಿಯಬೇಕಾದರೆ ಇಬ್ಬರನ್ನೂ ಮತ್ತೆ ಒಂದು ಮಾಡಿ ನೋಡಬೇಕು. ನಾನು ಅಂದುಕೊಂಡದ್ದು ತಪ್ಪಾದರೆ ಇನ್ನೊಬ್ಬರ ಮನೆಯ ಜೀವ ನನ್ನ ಕಣ್ಣೆದುರೇ ಹೋಗುತ್ತದೆ. ನೋಡದಿದ್ದರೆ ಕೆಂಚ ಪಂಪಿನ ಮನೆಗೆ ಹೋಗುತ್ತಾನೆ. ಒಂದು ಬೆಳಿಗ್ಗೆಯೆಲ್ಲ ಚಿಲಕಕ್ಕೆ ಕೈ ಇಡುವುದು, ತೆಗೆಯುವುದು, ಒಲೆಯ ಮುಂದೆ ಹೋಗಿ ನಿಲ್ಲುವುದು. ಕಡೆಗೆ ಅತ್ತೆ ಒಂದು ಕೊಡ ನೀರು ತಂದಿಟ್ಟುಕೊಂಡು ಕಟ್ಟೆಯ ಮೇಲೆ ಕೂತರು. "ತಗಿ. ಏನಾಗ್ತೈತಿ ನೋಡೇ ಬಿಡೂಣು."

ಡಾಲಿಯ ಪಟ್ಟಿ ಬಿಚ್ಚಿದೆ. ಕೆಂಚನ ಕೊರಳು ಹೇಗೂ ಬರಿದಾಗಿತ್ತು. ಚಿಲಕ ತೆಗೆದೆ.

ಕೆಂಚ ಬರಲಿಲ್ಲ. ಕಲ್ಲಿನ ಹಿಂದೆ ಬಾಲ ಮಡಚಿ ನಿಂತ. ಡಾಲಿಯೇ ಹೋಗಿ, ಮುಂಗಾಲು ನೆಲಕ್ಕೆ ಚಾಚಿ, ಹಿಂಭಾಗ ಮೇಲೆತ್ತಿ, ಒಮ್ಮೆ ಬೊಗಳಿದಳು. ಅವನು ಬಂದ. ಮೂಸಿದ. ಒಂದು ಸುತ್ತು ಓಡಿದರು. ಆಮೇಲೆ ನಾನು ಹೆದರಿದ್ದು ನಡೆಯಿತು. ಬಾಯಿ ಅಗಲ ತೆರೆದು ಕೆಂಚ ಅವಳ ಕೊರಳಿಗೆ ಹಾಕಿದ. ಅತ್ತೆ ಕೊಡ ಎತ್ತಿದರು. ಡಾಲಿ ಹೊರಳಿದಳು. ಬಾಯಿ ತಂತಾನೇ ಜಾರಿ ಈಚೆ ಬಂತು. ಅವಳ ಕೊರಳ ಕೂದಲು ಒದ್ದೆಯಾಗಿತ್ತು, ಅಷ್ಟೇ. ಮತ್ತೆ ಹಾಕಿದ, ಮತ್ತೆ ಜಾರಿತು. ಆಮೇಲೆ ಅವಳ ಸರದಿ, ಅವಳು ಅವನ ಕೊರಳಿಗೆ. ಅದೇ ಅವರ ಆಟ. ದಿನಾ ಆಡುತ್ತಿದ್ದದ್ದು ಅದೇ ಇರಬೇಕು. ನಾವು ಗೆಜ್ಜೆ ಕೇಳಿ ಆಡುತ್ತಿವೆ ಬಿಡು ಎಂದು ಒಳಗಿರುತ್ತಿದ್ದೆವು.

ಅತ್ತೆ ಎತ್ತಿದ ಕೊಡವನ್ನು ಮೆಲ್ಲಗೆ ಇಳಿಸಿ, ಅದರಿಂದಲೇ ಒಂದು ತಂಬಿಗೆ ತೆಗೆದು ಕುಡಿದರು.

ಅಂದಿನಿಂದ ಮನೆಯೊಳಗೆ ಇಬ್ಬರಿಗೂ ಬರಿಗೊರಳು. ನಾನು ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಅತ್ತೆ ಒಪ್ಪಲಿಲ್ಲ.

"ಇಲ್ಲಿ ಸರಿ. ಬ್ಯಾಡಗ್ಯಾಗ? ಅಂಗಳದಾಗ ಲಾರಿ ಹಿಂದಕ ಬರ್ತಿರತಾವು. ಗೆಜ್ಜಿ ಸಪ್ಪಳ ಕೇಳೇ ಹಮಾಲರು ನಾಯಿ ಐತಿ ನಿಂದ್ರು ಅಂತ ಕೂಗತಾರ. ಮ್ಯಾಲೆ ಅಲ್ಲೂ ಓಣ್ಯಾಗಿನ ನಾಯಿ ಬರ್ತಾವು, ಆಡತಾವು. ಬರೆ ಕೊಳ್ಳಲೆ ಹ್ಯಾಂಗ ಕಳಸ್ತಿ? ಬೆಲ್ಟ್ ಹಾಕಿ ಹ್ಯಾಂಗ ಕಳಸ್ತಿ?"

ಹೌದಲ್ಲ. ಇದ್ದರೆ ಒಂದು ಗಂಡಾಂತರ, ಇಲ್ಲದಿದ್ದರೆ ಇನ್ನೊಂದು. ಡಾಕ್ಟರು ಹೇಳಿದ ಹಾಗೆ ಎರಡು ಬೆರಳಿಗೆ ಬಿಗಿ ಮಾಡಿ ಲೋಡಿಗೆ ಹಾಕಿ ನೋಡಿದೆ. ಅಂಗೈ ಹೋಗಲಿಲ್ಲ. ಆದರೆ ಹೆಬ್ಬೆರಳು ಹೋಯಿತು. ಹೆಬ್ಬೆರಳು ಹೋದಲ್ಲಿ ಕೋರೆಹಲ್ಲೂ ಹೋದೀತು. ದೇವರ ಗೂಡಿನ ಮುಂದೆ ದೀಪಕ್ಕೆ ಬತ್ತಿ ಹೊಸೆಯುತ್ತ ಅದೇ ಯೋಚನೆ. ಅಲ್ಲಿ ಕೆಂಚನ ಆ ಹರಿದ ದಾರ ಇತ್ತು. ಎತ್ತಿ ನೋಡಿದೆ. ಗಂಟು ಬಿಚ್ಚಿರಲಿಲ್ಲ, ಗಂಟಿನ ಪಕ್ಕ ಪಟ್ಟನೆ ಹರಿದಿತ್ತು. ಡಾಲಿಯ ಹಲ್ಲು ಅದಕ್ಕೂ ಸಿಕ್ಕಿರಬೇಕು. ಸಿಕ್ಕಿತು, ಹರಿಯಿತು, ಕೆಂಚನ ಕೊರಳಿಗೆ ಒಂದು ಗೀರೂ ಆಗಲಿಲ್ಲ. ಹರಿಯದಿದ್ದ ಪಟ್ಟಿ ಮಾತ್ರ ಜೀವ ತೆಗೆಯಲು ಬಂತು.

ನಾನು ಓದಿದ ಕಾನ್ವೆಂಟಿನಲ್ಲಿ ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್ ಒಬ್ಬರಿದ್ದರು. ನಮ್ಮ ಕಚ್ಚಾ ಹೊಲಿಗೆ ನೋಡಿ ಅವರಿಗೆ ಸಿಟ್ಟು ಬರುತ್ತಿತ್ತು. ಆಮೇಲೆ ಬಿಚ್ಚುವುದೇ ಅಲ್ಲವೇ ಎಂದು ನಾವು ಹೇಗೆ ಹೇಗೋ ಹಾಕುತ್ತಿದ್ದೆವು. ಬೇಕಾದಾಗ ಹಿಡಿದಿರಬೇಕು, ಎಳೆದಾಗ ತಕರಾರಿಲ್ಲದೆ ಬಿಡಬೇಕು, ಅದನ್ನು ಹಾಕುವುದೇ ಕಷ್ಟ ಎನ್ನುತ್ತಿದ್ದರು. ನನಗೆ ಆ ಮಾತು ಆಗ ಅರ್ಥವಾಗಿರಲಿಲ್ಲ.

ಪಟ್ಟಿಯನ್ನು ಕತ್ತರಿಸಬೇಕು. ಕತ್ತರಿಸಿ, ಆ ಜಾಗವನ್ನು ಕಚ್ಚಾ ಹೊಲಿಗೆಯಿಂದ ಮಾತ್ರ ಜೋಡಿಸಬೇಕು.

"ಹೋರಿ ಪಟ್ಟಾದ ತೊಗಲದು," ಎಂದರು ಅತ್ತೆ. "ಬೀಗರ ಮನೀದು. ಕತ್ತರಿ ಹಾಕಿದ್ವಿ ಅಂದ್ರ ಏನ ತಿಳ್ಕೋತಾರ?"

"ನೀವ ಹೇಳ್ರಿ ಅತ್ತೀ, ಏನ ಮಾಡ್ಲಿ?"

ಅವರು ಪಟ್ಟಿಯನ್ನು ನನ್ನ ಕೈಗೇ ಕೊಟ್ಟರು. ಫೋನು ಮಾಡಿ ಕೇಳಿದರೆ ಬೇಡ ಎನ್ನುತ್ತಾರೆ, ಬೇಡ ಎಂದಮೇಲೆ ಕತ್ತರಿಸಲಾಗುವುದಿಲ್ಲ. ಬಟ್ಟೆಯ ಕತ್ತರಿ ತೊಗಲಿಗೆ ಹಿಡಿಯದೆ ಮಡಚಿಕೊಂಡಿತು. ಪೈಪು ಕೊಯ್ಯುವ ಬ್ಲೇಡು ತಂದು, ಹಲಗೆಯ ಮೇಲಿಟ್ಟು, ಕಣ್ಣು ಮುಚ್ಚಬೇಕೆನ್ನಿಸಿದರೂ ಮುಚ್ಚದೆ, ಕೊಯ್ದೆ.

ತೊಗಲಿನ ಎರಡೂ ತುದಿಗೆ ದಬ್ಬಣದಿಂದ ತೂತು ಮಾಡಿ ಒಂದೆಳೆ ದಾರ ಹಾಕಿದೆ. ಡಾಲಿ ಸ್ನಾನವಾದ ಮೇಲೆ ಮೈ ಒದರಿದಳು, ಪಟ್ಟಿ ಹಾರಿ ಮೊಸರನ್ನದ ತಟ್ಟೆಯಲ್ಲಿ ಬಿತ್ತು. ಎರಡೆಳೆ ಮಾಡಿ ಹತ್ತಿರ ಹತ್ತಿರ ಹೊಲಿದೆ. ಬಾಗಿಲ ಕೊಂಡಿಗೆ ಪಟ್ಟಿ ಸಿಕ್ಕಿಸಿ ತುಂಬಿದ ಕೊಡ ತೂಗುಹಾಕಿದರೂ ಹರಿಯಲಿಲ್ಲ. ಅಷ್ಟು ಗಟ್ಟಿಯಾದರೆ ಹೊಲಿದೇನು ಬಂತು? ಹೊಲಿಗೆ ವಿರಳ ಮಾಡಿದೆ, ಕೊಡದಲ್ಲಿ ನೀರು ಕಡಿಮೆ ಮಾಡಿದೆ, ತಂಬಿಗೆ ತಂಬಿಗೆಯಾಗಿ ಸುರಿದು ಯಾವಾಗ ಹರಿಯುತ್ತದೆ ನೋಡಿದೆ. ಅಡುಗೆಮನೆಯೆಲ್ಲ ನೀರು. ಕಡೆಗೆ ನಾನು ಒಂದು ಕೈಯಲ್ಲಿ ಜೋರಾಗಿ ಎಳೆದರೆ ಪಟ್ ಎನ್ನುವಷ್ಟಕ್ಕೆ ನಿಲ್ಲಿಸಿದೆ. ಲೆಕ್ಕ ಏನಿಲ್ಲ, ಅಂದಾಜು.

ಆ ಅಂದಾಜಿನ ಬಗ್ಗೆ ಮನೆಯವರಿಗೆ ಸರಿಯಾಗಿ ಹೇಳುವುದರೊಳಗೆ ಅವರು ಡಾಲಿಯ ಪಟ್ಟಿಯ ಕಡಗಕ್ಕೆ ಸರಪಳಿ ಸಿಕ್ಕಿಸಿಕೊಂಡು ತಿರುಗಾಡಿಸಲು ಹೊರಟುಹೋಗಿದ್ದರು. ಮರಳಿ ಬಂದಾಗ ನಾಯಿ ಅವರ ತೋಳಿನಲ್ಲಿತ್ತು, ಬೆವರು ಅಂಗಿಯಿಂದ ಇಳಿಯುತ್ತಿತ್ತು.

"ಏನ್ ಹೊಲದೀ ನೀ? ಪಿ.ಬಿ. ರೋಡಿನ್ಯಾಗ ಪಟ್ಟನ ಹರೀತು! ಬಸ್ಸಿನ ಗಾಲಿ ಮುಂದಿಂದ ಎತಗೊಂಡ ಬಂದೇನಿ!"

"ಅದು ಹರೀಬೇಕರೀ, ಅದಕ್ಕ..."

"ಹರಿಯೋ ಬೆಲ್ಟ್ ಯಾಕ ಬೇಕ? ಶ್ಯಾಣ್ಯಾತನ ಸಾಕು ಮಾಡು."

ನಾನು ಪಡಸಾಲೆಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಮನೆಯೊಳಗೆ ಬದುಕಿಸುವುದೇ ರಸ್ತೆಯಲ್ಲಿ ಕೊಲ್ಲುವುದಾದರೆ ಯಾವುದು ಸರಿ? ನನ್ನ ತೊಡೆಯ ಮೇಲೆ ಡಾಲಿಯ ಎದೆ ಇನ್ನೂ ಡಬಡಬ ಬಡಿಯುತ್ತಿತ್ತು. ಅತ್ತೆ ಸುಮ್ಮನೆ ಎದ್ದು ಹೋಗಿ, ಲೋಡು ಮತ್ತು ಕೆಂಚನ ಹಳೆಯ ಬೆಲ್ಟು ತಂದು ಮಗನ ಮುಂದೆ ಇಟ್ಟರು. "ಕೈ ಹಾಕೋ ಇದರಾಗ. ಹಾಕು. ಈಗ ನಾ ಹೊರಳಸ್ತೇನಿ."

ಸ್ವಲ್ಪ ಹೊತ್ತಿಗೆ "ಯವ್ವಾ, ಯವ್ವಾ, ಬಿಡು!" ಎಂಬ ಕೂಗು ಕೇಳಿಸಿತು. ಆ ದಿನ ಅಂಗಡಿ ಕೆಲಸಕ್ಕೆ ಹಾವೇರಿಗೆ ಹೋದ ಮನೆಯವರು ಸಂಜೆ ಬಂದು ಒಂದು ಪೊಟ್ಟಣವನ್ನು ಸ್ಟೂಲಿನ ಮೇಲೆ ಎಸೆದರು. ನಾಯಿಯ ಎದೆಗೆ, ಬೆನ್ನಿಗೆ ಹಾಕುವ ಪಟ್ಟಿ. ಸರಪಳಿ ಕೊರಳಿಗಲ್ಲ, ಬೆನ್ನಿನ ಕಡಗಕ್ಕೆ. ಅಂದರೆ ಗೆಜ್ಜೆಯ ಪಟ್ಟಿ ಬರೀ ಗೆಜ್ಜೆಗೆ, ಎಳೆಯುವುದೆಲ್ಲ ಎದೆಪಟ್ಟಿಗೆ. ಆದರೆ ಮೇಡ್ಲೇರಿಯ ಮಾತನ್ನು ಅವರು ಹಿಂತೆಗೆದುಕೊಳ್ಳಲಿಲ್ಲ. ಕೇಳಲು ನನಗೆ ಧೈರ್ಯ ಬರಲಿಲ್ಲ.

ಘಾಟು ಇಳಿದ ಮೇಲೆ ನಾದಿನಿ ಬಂದಳು. ಅದೇ ದಿನ ಮೇಡ್ಲೇರಿಯ ಹೊಲ ನೋಡಿಕೊಳ್ಳುವವನೂ ಬಂದ. ಹೆಗಲ ಮೇಲೆ ಹೊಸ ನೂಲಿನ ಹಗ್ಗ ಇತ್ತು. ಗೇಟಿನ ಮೆಟ್ಟಿಲ ಮೇಲೆ ಕೂತು ಅತ್ತೆ ಕೊಟ್ಟ ಚಹಾ ಊದುತ್ತಿದ್ದ.

ಡಾಲಿ ಕುಣಿದು ಮೈಮೇಲೆ ಬಿದ್ದಾಗ ನಾದಿನಿಯ ಕೈ ನೇರ ಪಟ್ಟಿಗೇ ಹೋಯಿತು. ನಗು ನಿಂತಿತು.

"ವೈನಿ, ಇದನ್ನ ಯಾರ ಕತ್ತರಿಸಿದ್ರು?"

"ನಾನು."

"ನಮ್ಮ ಮಾವ ಮಾಡ್ಸಿದ ಪಟ್ಟಾರಿ ಇದು! ಹೋರೀದು! ಕೇಳಬಾರದಾಗಿತ್ತ ಒಂದು ಮಾತು?"

ನಾನು ಆ ಮುಂಜಾನೆಯಿಂದ ಶುರುಮಾಡಿ ಹೇಳಿದೆ. ಹೇಳುತ್ತ ಹೇಳುತ್ತ ಹಿಂದುಮುಂದಾಯಿತು. ಲೋಡು, ಕೊಡ, ಸಿಸ್ಟರ್ ಎಲ್ಲ ಕಲಸಿಹೋದವು. ಅವಳ ಮುಖದಲ್ಲಿ ಉಳಿದದ್ದು ಒಂದೇ ಮಾತು. "ಅಂದ್ರ ನಿಮ್ಮ ಕೆಂಚ್ಯಾ ನಮ್ಮ ಡಾಲಿ ಕೊಳ್ಳ ಹಿಡದಿತ್ತು. ನನಗ ಫೋನ್ ಮಾಡಿ ಹೇಳಲಿಲ್ಲ ನೀವು."

"ಹಂಗಲ್ಲ..."

"ಮತ್ತ ಹ್ಯಾಂಗ?"

ಹೊಲದವನು ಲೋಟ ಕೆಳಗಿಟ್ಟು ಎದ್ದ. "ಕೆಂಪಂದ ಹೌದಲ್ರಿ ಧಣಿ? ಕಟ್ಟಲ್ಯಾ?" ಮನೆಯವರು ಅವನ ಹೆಗಲ ಹಗ್ಗ ನೋಡಿದರು, ನನ್ನನ್ನು ನೋಡಿದರು.

ಆ ಹೊತ್ತಿಗೆ ನಾಯಿಗಳಿಗೆ ನಮ್ಮ ಯಾರ ಪರಿವೆಯೂ ಇರಲಿಲ್ಲ. ಅಂಗಳದಲ್ಲಿ ಒಂದು ಸುತ್ತು ಓಡಿ, ತುಳಸಿ ಕಟ್ಟೆಯ ಬಳಿ ಕೆಂಚ ಬಾಯಿ ತೆರೆದು ಡಾಲಿಯ ಕೊರಳಿಗೆ ಹಾಕಿದ. "ಅಯ್ಯೋ!" ಎಂದು ನಾದಿನಿ ಮುಂದೆ ನುಗ್ಗಿದಳು. ಡಾಲಿ ಹೊರಳಿದಳು. ಗೆಜ್ಜೆ ನಿಂತಿತು. ಪಟ್ಟಿ ಹುರಿಗೊಳ್ಳುವುದು ಕಂಡಿತು, ಕೆಂಚ ತಲೆ ಹಿಂದಕ್ಕೆ ಎಳೆದದ್ದು ಕಂಡಿತು. ಪಟ್!

ಪಟ್ಟಿ ಬಿಚ್ಚಿ ಝಲ್ಲೆಂದು ಕಲ್ಲಿನ ಮೇಲೆ ಬಿತ್ತು. ಕೆಂಚನ ಹಲ್ಲಿಗೆ ದಾರದ ಒಂದು ಎಳೆ ತೂಗುತ್ತಿತ್ತು. ಡಾಲಿ ಎದ್ದು, ಮೈ ಒದರಿ, ಅವನ ಬೆನ್ನು ಹತ್ತಿದಳು. ಬರಿಗೊರಳಿನ ಆಟ ಮುಂದುವರಿಯಿತು.

ನಾದಿನಿ ಪಟ್ಟಿ ಎತ್ತಿಕೊಂಡು ಒಳಮೈಯ ಹಳೆಯ ಗೀರುಗಳ ಮೇಲೆ ಬೆರಳಾಡಿಸಿದಳು. ಬೆರಳನ್ನು ತಾನೇ ಒಳಗಿನಿಂದ ಹೊರಕ್ಕೆ ಎಳೆದು ನೋಡಿದಳು. "ಮನ್ಯಾಗ ಓಣಿ ನಾಯಿ ಜೋಡಿ ದಿನಾ ಆಡ್ತೈತಿ ವೈನಿ ಇದು. ಉಂಡಮ್ಯಾಲೆ ಸಡ್ಲ ಮಾಡಿ ನಾನ ಬಿಡತಿದ್ದೆ" ಎಂದಳು. ಆಮೇಲೆ ಮೂಗೊರೆಸಿಕೊಂಡು, "ಆದ್ರ ಇಷ್ಟ ಹಗೂರ ಹೊಲದ್ರ ದಿನಾ ಹರೀತೈತಲ್ರಿ?"

"ಹರೀಲಿ ಬಿಡು," ಎಂದರು ಅತ್ತೆ. "ದಿನಾ ಹೊಲಿ. ಹರಿಯಾಕಂತನ ಹಾಕಿದ್ದದು."

ಮನೆಯವರು ಗೇಟಿಗೆ ಹೋದರು. "ಹಗ್ಗ ನೀನ ಇಟಗೋಪಾ, ಆಕಳಿಗೆ ಆಗ್ತೈತಿ."

"ಕಡಿಯೂ ನಾಯಿ ಅಂದಿದ್ರಿ ಫೋನಿನ್ಯಾಗ?"

"ಅಂದಿದ್ನಿ. ನಮಗ ತಿಳದಿದ್ದಿಲ್ಲ. ಇನ್ನೊಂದು ಚಾ ಕುಡದು ಹೋಗು."

ನಾದಿನಿಗೆ ಹೊಲಿಗೆ ತೋರಿಸಿಕೊಟ್ಟೆ. ಎಷ್ಟೆಳೆ, ಎಷ್ಟು ದೂರಕ್ಕೆ, ಎಷ್ಟು ಜೋರಿಗೆ ಹರಿಯಬೇಕು ಎಂಬುದನ್ನು ಅವಳು ತನ್ನ ಕೈಯಲ್ಲೇ ಎಳೆದು ಎಳೆದು ಕಲಿತಳು. ಅವಳು ಹೊರಡುವಾಗ ಅತ್ತೆ ದೇವರ ಗೂಡಿನಿಂದ ಕದರಮಂಡಲಗಿಯ ಹೊಸ ದಾರ ತಂದು ಕೆಂಚನ ಕೊರಳಿಗೆ ಕಟ್ಟಿದರು. ಮೊದಲಾದರೆ ಗಂಟಿನ ಮೇಲೆ ಗಂಟು ಹಾಕಿ ಹಲ್ಲಿನಿಂದ ಬಿಗಿಯುತ್ತಿದ್ದರು. ಈಗ ಒಂದೇ ಗಂಟು ಹಾಕಿ, ಬೆರಳಿನಿಂದ ಸ್ವಲ್ಪ ಎಳೆದು, ಜಾರುತ್ತದೆ ಎಂದು ಖಾತ್ರಿ ಮಾಡಿಕೊಂಡು, ಬಿಟ್ಟರು.

ಕಾರು ಹೊರಟಿತು. ತಿರುವಿನವರೆಗೂ ಗೆಜ್ಜೆ ಕೇಳಿಸಿತು, ಆಮೇಲೆ ನಿಂತಿತು. ಕೆಂಚ ತಲೆಯೆತ್ತಿ ನನ್ನ ಮುಖ ನೋಡಿದ. ಈ ಸಲ ನಿಂತದ್ದು ದೂರ ಹೋದದ್ದಕ್ಕೆ ಎಂದು ಅವನಿಗೆ ಹೇಗೆ ಹೇಳುವುದೋ ತಿಳಿಯದೆ, ಅವನ ಹಲ್ಲಿಗೆ ಇನ್ನೂ ಅಂಟಿಕೊಂಡಿದ್ದ ದಾರದ ಎಳೆಯನ್ನು ಮೆಲ್ಲಗೆ ತೆಗೆದೆ.